ಏನು ಖಲಾಸ್?

ಅನಘಾ, ಪ್ರಣವ್,

ಹೋದ ತಿಂಗಳು ನೀವಿಬ್ಬರೂ ರಜೆಗೆ ಊರಿಗೆ ಬಂದಿದ್ದಾಗ ನನ್ನ ಬಾಯಿಂದ ಬರದೆ ಹೋದ ಮಾತನ್ನು ಈಗ ಬರೆಯುತ್ತಿದ್ದೇನೆ. ನನ್ನ ಸ್ವಭಾವ ನಿಮಗೆ ಗೊತ್ತು. ಎದುರಿಗೆ ಇಬ್ಬರು ಕೂತು ಮುಖ ನೋಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಆ ಇಬ್ಬರು ನನ್ನ ಮೊಮ್ಮಕ್ಕಳಾದರೂ ಅಷ್ಟೇ. ಊರ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದನ್ನೇ ನಂಬಿದ್ದೇನೆ.

ಪ್ರಣವ್, ನೀನು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದೆ. ನೀನೂ ನಿನ್ನ ಗೆಳೆಯರೂ ಒಮಾನಿನ ಯಾವುದೋ ಗುಡ್ಡದ ತೂತಿನೊಳಗೆ ಫೋನಿನ ಬೆಳಕು ಹಿಡಿದುಕೊಂಡು ನಗುತ್ತಾ ಹೋಗುತ್ತಿದ್ದಿರಿ. ನನ್ನ ಮುಖ ನೋಡಿ ನೀನು, "ಅಜ್ಜಿ, ಚಿಲ್, ಇಟ್ಸ್ ಜಸ್ಟ್ ಎ ಟನಲ್" ಅಂದೆ. ಅದೇ ಸಂಜೆ ಅನಘಾ ತನಗೆ ಕೆಲಸ ಸಿಕ್ಕ ಸುದ್ದಿ ಹೇಳಿದಳು. ಹಳೆಯ ಗಣಿಗಳನ್ನು ಪರೀಕ್ಷೆ ಮಾಡಿ ಮುಚ್ಚುವ ಕಂಪನಿ. ಬರುವ ತಿಂಗಳು ಮೊದಲ ಸಲ ಒಳಗೆ ಇಳಿಯುತ್ತಾಳೆ. ನಿಮ್ಮಮ್ಮ ಸಿಹಿ ಹಂಚಿದಳು. ನಾನು ಅರ್ಧ ತಿಂದು ಉಳಿದದ್ದನ್ನು ತಟ್ಟೆಯಲ್ಲಿಟ್ಟೆ.

ಅಂಥ ತೂತುಗಳ ಬಾಯಲ್ಲಿ ಕೂತು ಕಾಯುವುದೇ ನನ್ನ ಕೊನೆಯ ಕೆಲಸವಾಗಿತ್ತು. ನಿಮಗೆ ನಾನು ಒಮಾನಿನಲ್ಲಿ ಅಡುಗೆ ಮಾಡುತ್ತಿದ್ದೆ ಅಂತ ಮಾತ್ರ ಗೊತ್ತು. ಅದೂ ನಿಜವೇ. ಮಸ್ಕತ್ತಿನ ಪಕ್ಕದ ಅಲ್ ಅಮೇರಾತ್‌ನ ಒಂದು ಸಣ್ಣ ಕಂಪನಿಯ ಮೆಸ್‌ನಲ್ಲಿ ಅಡುಗೆಯವಳಾಗಿದ್ದೆ. ನಿಮ್ಮ ಅಜ್ಜ ದೂರದ ದುಕ್ಮ್ ಬಂದರಿನಲ್ಲಿ ಬೇರೆ ಕಂಪನಿಯ ಸೇಫ್ಟಿ ಫೋರ್‌ಮನ್. ಅದಕ್ಕೂ ಮೊದಲು ಅವರು ನಮ್ಮ ಜಿಲ್ಲೆಯ ಚಿನ್ನದ ಗಣಿಯಲ್ಲಿ ಛಾವಣಿಗೆ ಮರದ ಆನಿಕೆ ಕೊಡುವ ಕೆಲಸ ಮಾಡಿದ್ದವರು.

ಎಣ್ಣೆಯ ಬೆಲೆ ಬಿದ್ದ ವರ್ಷಗಳವು. ದುಕ್ಮ್‌ನ ಕ್ಯಾಂಪಿನಿಂದ ಬೆಳಿಗ್ಗೆ ಹೊರಡುವ ಕಂಪನಿ ಬಸ್ಸುಗಳಲ್ಲಿ ವಾರ ವಾರಕ್ಕೂ ಸೀಟುಗಳು ಖಾಲಿಯಾಗುತ್ತಾ ಹೋದವು. ಒಂದು ದಿನ ಅಜ್ಜನ ಸೀಟೂ ಖಾಲಿಯಾಯಿತು. ಅದೇ ಹೊತ್ತಿಗೆ ನನ್ನ ಕಂಪನಿಗೆ ಕಟ್ಟಡದ ಕೆಲಸವೆಲ್ಲ ನಿಂತು, ಹಳೆಯ ತಾಮ್ರದ ಗಣಿಯೊಂದರ ಬಾಯಿಗಳನ್ನು ನೋಡಿ ಮುಚ್ಚುವ ಗುತ್ತಿಗೆ ಮಾತ್ರ ಉಳಿದಿತ್ತು. ನಮ್ಮ ಕಫೀಲ್, ಅಂದರೆ ನಮ್ಮ ವೀಸಾದ ಯಜಮಾನ, ಗಣಿ ಕಂಡ ಮನುಷ್ಯನನ್ನು ಹುಡುಕುತ್ತಿದ್ದರು. ಹಾಗೆ ಅಜ್ಜ ಅಲ್ಲಿ ಸೇರಿದರು. ಮೆಸ್ಸು ಮುಚ್ಚಿದ್ದರಿಂದ ನನ್ನನ್ನೂ ಆ ಗುಡ್ಡದ ಕ್ಯಾಂಪಿಗೆ ಅಡುಗೆಗೆ ಕಳಿಸಿದರು.

ಸೊಹಾರ್‌ನಿಂದ ಬುರೈಮಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಕಂದು ಬಣ್ಣದ ಬೋಳು ಗುಡ್ಡಗಳು. ಅಲ್ಲಿ ಎರಡು ಕ್ಯಾಬಿನ್, ಒಂದು ನೀರಿನ ಟ್ಯಾಂಕ್, ಐದೇ ಜನ. ಸೂಪರ್‌ವೈಸರ್ ಲಾರೆನ್ಸ್ ಸರ್, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಆ ಗುಡ್ಡದ ತಪ್ಪಲಿನವನೇ ಆದ ಒಮಾನಿ, ಸಾಲಿಮ್. ಜನರೇಟರ್ ನೋಡಿಕೊಳ್ಳುವ ಹನುಮೇಶ, ಕೊಪ್ಪಳದವನು, ಮೂವತ್ತು ದಾಟಿದ ಆಳು. ಮತ್ತೆ ಅಜ್ಜ, ನಾನು.

ಒಳಗೆ ಜನ ಹೋದಾಗ ಬಾಯಲ್ಲಿ ಒಬ್ಬರು ಕೂತಿರಲೇಬೇಕು ಎಂಬುದು ಅಜ್ಜನ ಹಟ. ಒಳಗೆ ಯಾರಿದ್ದಾರೆ, ಯಾರು ಹೊರಬಂದರು ಎಂದು ನೋಡುವುದೇ ಆ ಒಬ್ಬರ ಕೆಲಸ, ಬೇರೆ ಯಾವುದನ್ನೂ ಮುಟ್ಟಬಾರದು. ಕಂಪನಿ ಇನ್ನೊಬ್ಬ ಆಳನ್ನು ಕೊಡಲಿಲ್ಲ. ಲಾರೆನ್ಸ್ ಸರ್ ನನ್ನತ್ತ ನೋಡಿದರು.

"ಗಂಗಕ್ಕ, ಅಡುಗೆ ಮುಗಿದ ಮೇಲೆ ನಿಮಗೆ ಎಂತ ಕೆಲಸ ಉಂಟು?"

ನಾನು ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ.

"ನೋಡಿ ಶರಣಪ್ಪ, ನಿಮ್ಮ ಹೆಂಡತಿಗೆ ಬಾಯೇ ಇಲ್ಲ. ಬಾಯಿ ಕಾಯ್ಲಿಕ್ಕೆ ಇವರಿಗಿಂತ ಒಳ್ಳೆಯವರು ಸಿಕ್ಕುದಿಲ್ಲ ಮಾರಾಯ್ರೆ!"

ಎಲ್ಲರೂ ನಕ್ಕರು. ಹಾಗೆ ನಾನು ಬಾಯಿಗಾವಲಿನವಳಾದೆ.

ಚಿನ್ನದ ಗಣಿಯಲ್ಲಿ ಒಳಹೋಗುವವರಿಗೆ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ನಮ್ಮಲ್ಲಿ ಅದಿರಲಿಲ್ಲ. ಅನಘಾ, ನಿನಗೆ ಅಕ್ಷರ ಕಲಿಸಲು ನಾನು ಊರಿಂದ ತಂದಿದ್ದ ಕಲ್ಲಿನ ಪಾಟಿ ನೆನಪಿದೆಯೇ? ಮರದ ಚೌಕಟ್ಟಿನದು. ಅದು ನಾವೆಲ್ಲ ಇದ್ದ ಅಮೇರಾತ್‌ನ ಮನೆಯಲ್ಲಿ ಧೂಳು ಹಿಡಿಯುತ್ತಿತ್ತು. ಅದನ್ನೇ ತರಿಸಿಕೊಂಡೆ. ಒಳಗೆ ಹೋಗುವವರು ತಮ್ಮ ಕೈಯಿಂದ ಹೆಸರು ಬರೆಯಬೇಕು. ಹೊರಗೆ ಬಂದವರು ತಮ್ಮ ಕೈಯಿಂದಲೇ ಒರೆಸಬೇಕು. ಒಬ್ಬರ ಹೆಸರನ್ನು ಇನ್ನೊಬ್ಬರು ಒರೆಸುವಂತಿಲ್ಲ. "ಅವನು ಹಿಂದೆ ಬರ್ತಿದ್ದಾನೆ, ಅವನದೂ ಒರೆಸಿಬಿಡಿ" ಎಂಬ ಮಾತು ನಡೆಯುವುದಿಲ್ಲ. ಅಜ್ಜ ಕನ್ನಡದಲ್ಲಿ ಬರೆಯುತ್ತಿದ್ದರು, ಲಾರೆನ್ಸ್ ಸರ್ ಇಂಗ್ಲಿಷಿನಲ್ಲಿ, ಸಾಲಿಮ್ ಬಲಗಡೆಯಿಂದ ಅರಬ್ಬಿಯಲ್ಲಿ. ಹನುಮೇಶ ಅದನ್ನು ನೋಡಿ, "ಅಕ್ಕಾರ, ಇದು ಪಾಟಿ ಅಲ್ಲ, ನೋಟಿನ ಮ್ಯಾಲಿನ ಬರಹ ಇದ್ದಂಗ ಐತಿ" ಅನ್ನುತ್ತಿದ್ದ.

ಒಂದು ಸಣ್ಣ ತೊಡಕು ಬಂತು. ವೈರ್‌ಲೆಸ್‌ನಲ್ಲಿ ನಾನು ಒಬ್ಬೊಬ್ಬರ ಹೆಸರು ಕೂಗಿ ವಿಚಾರಿಸಬೇಕು ಎಂದರು ಲಾರೆನ್ಸ್ ಸರ್. ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ. ನಾನು ಮದುವೆಯ ದಿನ ಒಗಟಿನಲ್ಲಿ ಸೇರಿಸಿ ಒಮ್ಮೆ ಹೇಳಿದ್ದು, ಅಷ್ಟೇ. ಗಂಡಸರ ನಡುವೆ, ಗಾಳಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುವುದೆಂದರೆ ಸಾಧ್ಯವೇ ಇರಲಿಲ್ಲ. ಕೊನೆಗೆ ಲಾರೆನ್ಸ್ ಸರ್ ಸೋತು, ನಾನು ಗುಂಡಿಯನ್ನು ಎರಡು ಸಲ ಒತ್ತಿದರೆ "ಕ್ಷೇಮವೇ?" ಎಂದೂ, ಒಳಗಿನವರು ಎರಡು ಸಲ ಒತ್ತಿದರೆ "ಕ್ಷೇಮ" ಎಂದೂ ಮಾಡಿಕೊಟ್ಟರು. ಹೀಗೆ ಬಹಳ ಕಾಲ ನನ್ನ ಬಾಯಿಗೆ ಬದಲು ಬೆರಳೇ ಮಾತಾಡಿತು.

ಈಗ ಒಳಗಿನ ಅಪಾಯಗಳ ಮಾತು. ನಾನು ಒಳಗೆ ಹೋಗಿ ನೋಡಿದ್ದು ಕಡಿಮೆ. ಆದರೆ ಊಟದ ಹೊತ್ತಿಗೆ ಅವರು ಆಡಿಕೊಂಡಿದ್ದೆಲ್ಲ ನನ್ನ ಕಿವಿಗೆ ಬಿದ್ದಿದೆ.

ಮೊದಲನೆಯದು ತಂಪು. ಪ್ರಣವ್, ಬೇಸಿಗೆಯಲ್ಲಿ ಆ ಬಾಯಿಯಿಂದ ಬರುವ ತಂಪು ಗಾಳಿಗೆ ಯಾರಾದರೂ ಸೋಲುತ್ತಾರೆ. ಒಂದು ಶುಕ್ರವಾರ ಬುರೈಮಿಯ ಕಡೆಯಿಂದ ಬಂದ ಒಂದು ಸಂಸಾರ ನಾವು ನೋಡುವಷ್ಟರಲ್ಲಿ ಬಾಯೊಳಗೆ ಚಾಪೆ ಹಾಸಿ, ಕಾಫಿಯ ಉದ್ದ ಕೊಕ್ಕಿನ ಪಾತ್ರೆ, ಖರ್ಜೂರ ಎಲ್ಲ ಜೋಡಿಸಿ ಕೂತಿತ್ತು. ಮಕ್ಕಳು ಆಗಲೇ ಕತ್ತಲಿನ ಕಡೆಗೆ ಓಡಿದ್ದರು. ಸಾಲಿಮ್ ಕೂಗಾಡಲಿಲ್ಲ. ಅವರ ಜೊತೆ ಕೂತು ಒಂದು ಲೋಟ ಕಾಫಿ ಕುಡಿದ. ಆಮೇಲೆ ಕಬ್ಬಿಣದ ಕೋಲು ತೆಗೆದುಕೊಂಡು ಅವರ ತಲೆಯ ಮೇಲಿದ್ದ ಬಂಡೆಯನ್ನು ಬಡಿದು ತೋರಿಸಿದ. ಗಟ್ಟಿ ಬಂಡೆ ಠಣ್ ಅನ್ನುತ್ತದೆ. ಇದು ಬಿರುಕು ಬಿಟ್ಟ ಮಡಕೆಯ ಹಾಗೆ ಡಬ್ ಅಂದಿತು. ಅವರು ಚಾಪೆ ಸುತ್ತಿಕೊಂಡು ಹೊರಗೆ ಬಂದ ವೇಗ ನೋಡಬೇಕಿತ್ತು!

ಎರಡನೆಯದು ನೀರು. ತಾಮ್ರ ಕರಗಿದ ನೀರು ಹಸಿರುನೀಲಿ, ನೋಡಲು ಚೆಂದ. ನೆಲದ ಮೇಲೆ ಅಂಗಾಲು ಮುಳುಗುವಷ್ಟೇ ಇದೆ ಅನ್ನಿಸುತ್ತದೆ. ಕೆಳಗಿನ ಅಂತಸ್ತಿಗೆ ತೋಡಿದ ಬಾವಿ ತುಂಬಿದ್ದರೂ ಮೇಲಿನಿಂದ ಹಾಗೆಯೇ ಕಾಣುತ್ತದೆ. ಅಜ್ಜ ಉದ್ದದ ಕೋಲು ಊರದೆ ನೀರಿಗೆ ಕಾಲಿಡುತ್ತಿರಲಿಲ್ಲ.

ಮರದ ಹಲಗೆಗಳದ್ದು ಇನ್ನೂ ಮೋಸ. ಬಾವಿಯ ಮೇಲೆ ಹಾಸಿದ ಹಲಗೆಯ ಮೇಲೆ ವರ್ಷಗಟ್ಟಲೆ ಕಲ್ಲಿನ ಪುಡಿ ಬಿದ್ದು, ಹಲಗೆ ಯಾವುದು ನೆಲ ಯಾವುದು ಗೊತ್ತಾಗದಂತಾಗಿರುತ್ತದೆ. ಲಾರೆನ್ಸ್ ಸರ್ ಒಮ್ಮೆ ಗೋಡೆಯ ಫೋಟೋ ತೆಗೆಯುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟರು. ಅಜ್ಜ ಅವರ ಬೆಲ್ಟು ಹಿಡಿದು ಎಳೆಯದಿದ್ದರೆ ಕ್ಯಾಮೆರಾದ ಜೊತೆ ಅವರೂ ಕೆಳಗೆ ಹೋಗುತ್ತಿದ್ದರು. ಕ್ಯಾಮೆರಾ ಮಾತ್ರ ಹೋಯಿತು. ಅದು ತಳ ಮುಟ್ಟಿದ ಸದ್ದಿಗೆ ಇಬ್ಬರೂ ಕಾದರಂತೆ. ಬಹಳ ತಡವಾಗಿ ಬಂತಂತೆ. ಆ ದಿನ ಸರ್ ಊಟ ಮಾಡಲಿಲ್ಲ.

"ಶರಣಪ್ಪ, ನೀವು ನನ್ನ ಬೆಲ್ಟಿಗೇ ಯಾಕೆ ಕೈ ಹಾಕಿದ್ದು? ಪ್ಯಾಂಟು ಜಾರಿ ಹೋಗಿದ್ರೆ?" ಎಂದು ಮಾರನೆಯ ದಿನ ಕೇಳಿದರು.

"ಪ್ಯಾಂಟ್ ಹೋದ್ರ ಹೊಸಾದು ತರಬೌದು ಸರ್, ನಿಮ್ಮನ್ನ ಎಲ್ಲಿಂದ ತರೋದು?" ಎಂದರು ಅಜ್ಜ.

ಪೆಟ್ಟಿಗೆಯಲ್ಲಿ ಉಳಿದ ಹಳೆಯ ಸಿಡಿಮದ್ದು ಕಂಡರೆ ಮುಟ್ಟದೆ ಹಿಂದೆ ಬಂದು ಪೊಲೀಸರಿಗೆ ಹೇಳುತ್ತಿದ್ದರು. ಒಂದು ಸಲ ಮಾತ್ರ ಕಂಡಿತು.

ಎಲ್ಲಕ್ಕಿಂತ ಕೆಟ್ಟದ್ದು ಗಾಳಿ. ತಾಮ್ರದ ಅದಿರಿನಲ್ಲಿ ಗಂಧಕ ಇರುತ್ತದೆ. ಕಬ್ಬಿಣ ತುಕ್ಕು ಹಿಡಿಯುವ ಹಾಗೆ ಅದು ಮೆಲ್ಲಗೆ ಒಳ್ಳೆಯ ಗಾಳಿಯನ್ನು ತಿನ್ನುತ್ತಾ ಇರುತ್ತದೆ. ಕೊಳೆತ ಮರವೂ ತಿನ್ನುತ್ತದೆ. ಉಳಿದ ಗಾಳಿಗೆ ವಾಸನೆ ಇಲ್ಲ, ಹೊಗೆ ಇಲ್ಲ. ಉಸಿರು ಕಟ್ಟಿದ ಹಾಗೂ ಅನ್ನಿಸುವುದಿಲ್ಲ. ಮೊದಲು ಮಾತು ತೊದಲುತ್ತದೆ, ಕಾರಣವಿಲ್ಲದೆ ನಗು ಬರುತ್ತದೆ, ಆಮೇಲೆ ಮೊಣಕಾಲು ಸೋಲುತ್ತದೆ. ಅಜ್ಜನ ಕಾಲಕ್ಕೆ ದೀಪದ ಉರಿ ನೋಡಿ ತಿಳಿಯುತ್ತಿದ್ದರು. ಇಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಮೀಟರ್ ಇತ್ತು. ಗಾಳಿ ಕೆಟ್ಟರೆ ಅದು ಕಿರುಚುತ್ತದೆ. ಜೊತೆಗೆ ಬಾಯಲ್ಲಿ ಒಂದು ದೊಡ್ಡ ಬ್ಲೋವರ್. ಅದು ಹೊರಗಿನ ಗಾಳಿಯನ್ನು ಹಳದಿ ಬಟ್ಟೆಯ ಉದ್ದನೆಯ ಕೊಳವೆಯಲ್ಲಿ ಒಳಗಿನ ತುದಿಯವರೆಗೆ ನೂಕುತ್ತಿತ್ತು. ಗಾಳಿ ತುಂಬಿದಾಗ ಕೊಳವೆ ಉಬ್ಬಿ ದಿಂಡಾಗುತ್ತದೆ. ಬ್ಲೋವರ್ ನಿಂತರೆ ಒಗೆದು ಬಿಸಾಕಿದ ಲುಂಗಿಯ ಹಾಗೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಬ್ಲೋವರ್‌ಗೆ ಕರೆಂಟು ಹನುಮೇಶನ ಜನರೇಟರಿನಿಂದ.

ಇನ್ನು ಖಲಾಸ್ ಎಂಬ ಮಾತಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರಲ್ಲಿ ಖಲಾಸ್ ಅಂದರೆ ಮುಗಿದೇ ಹೋಯಿತು ಅಂತ. ಎತ್ತು ಖಲಾಸ್ ಆಯಿತು ಅಂದರೆ ಸತ್ತಿತು. ಒಮಾನಿನಲ್ಲಿ ಅದು ಹತ್ತು ಕಡೆ ಬಳಕೆಯಾಗುವ ಮಾತು. ಚಹಾ ಸಾಕು ಅನ್ನಲೂ ಖಲಾಸ್, ಅಂಗಡಿ ಮುಚ್ಚಿದೆ ಅನ್ನಲೂ ಖಲಾಸ್, ಆಗಲಿ ಒಪ್ಪಿದೆ ಅನ್ನಲೂ ಖಲಾಸ್. ನಾನು ಮೆಸ್ಸಿಗೆ ಸೇರಿದ ಹೊಸದರಲ್ಲಿ ಆಫೀಸಿನ ಆಳು ಬಂದು, "ಮುದೀರ್ ಖಲಾಸ್" ಅಂದ. ಮುದೀರ್ ಅಂದರೆ ಮ್ಯಾನೇಜರ್. ಬೆಳಿಗ್ಗೆ ತಾನೇ ಉಪ್ಪಿಟ್ಟು ತಿಂದು ಹೋಗಿದ್ದ ಮನುಷ್ಯ! ನಾನು ಗ್ಯಾಸ್ ಒಲೆ ಆರಿಸಿ, ಸಾವಿನ ದಿನ ಅಡುಗೆ ಬೇಡವೆಂದು ಮೂಲೆಯಲ್ಲಿ ಕೂತೆ. ಮಧ್ಯಾಹ್ನ ಹಸಿದು ಬಂದ ಜನರಿಗೆ ಬರೀ ಪಾತ್ರೆ. ಮ್ಯಾನೇಜರ್ ಮನೆಗೆ ಹೋಗಿದ್ದ, ಅಷ್ಟೇ. ಎಷ್ಟೋ ದಿನ ನನ್ನನ್ನು ನೋಡಿದವರೆಲ್ಲ "ಮುದೀರ್ ಖಲಾಸ್?" ಎಂದು ಕೇಳಿ ನಗುತ್ತಿದ್ದರು.

ಗುಡ್ಡದಲ್ಲಿ ಖಲಾಸ್ ಸಾಲಿಮ್‌ನ ಮಾತಾಯಿತು. ಬಂಡೆಯ ಒಳಗೆ ವೈರ್‌ಲೆಸ್ ದೂರ ನಡೆಯುವುದಿಲ್ಲ. ನೇರ ಸುರಂಗದಲ್ಲಿ ಕೇಳಿಸುತ್ತದೆ, ತಿರುವು ದಾಟಿದರೆ ಇಲ್ಲ. ಆದ್ದರಿಂದ ಅಜ್ಜ ಮತ್ತು ಲಾರೆನ್ಸ್ ಸರ್ ತಿರುವಿನ ಆಚೆ ಕೆಲಸ ಮಾಡುತ್ತಿದ್ದರು, ಸಾಲಿಮ್ ತಿರುವಿನಲ್ಲಿ ನಿಂತು ಅವರ ಕೂಗನ್ನು ನಮಗೆ ದಾಟಿಸುತ್ತಿದ್ದ. ಕೆಲಸ ಮುಗಿದಾಗ ಅವನ ದನಿ ರಾಗವಾಗಿ ಬರುತ್ತಿತ್ತು. "ಖಲಾ...ಸ್! ಅಮ್ಮಾ, ಖಾನಾ!" ನಾನು ಬುತ್ತಿ ಬಿಚ್ಚುತ್ತಿದ್ದೆ. ಹನುಮೇಶ ಜನರೇಟರ್ ಆರಿಸುತ್ತಿದ್ದ. ಆಫೀಸಿನಿಂದ ಬಂದ ಒಂದು ಬೋರ್ಡು ಜನರೇಟರಿನ ಮೈಮೇಲೆಯೇ ಅಂಟಿತ್ತು: ಕೆಲಸ ಮುಗಿದ ಕೂಡಲೇ ಬಂದ್ ಮಾಡಿ, ಡೀಸೆಲ್ ಉಳಿಸಿ. ಅಜ್ಜನಿಗೆ ಆ ಬೋರ್ಡು ಹಿಡಿಸಿರಲಿಲ್ಲ. "ಮಂದಿ ಹೊರಗ ಬಂದ ಮ್ಯಾಲ ಬಂದ್ ಮಾಡ್ರಿ ಅಂತ ಬರೀಬೇಕಿತ್ತು" ಎಂದು ಒಮ್ಮೆ ಹೇಳಿದ್ದರು. ಯಾರೂ ತಿದ್ದಲಿಲ್ಲ.

ಆ ದಿನ ಮುಂಜಾನೆ ಮೂವರೂ ಹೆಸರು ಬರೆದು ಒಳಗೆ ಹೋದರು. ಅದು ಕೊನೆಯ ಸುರಂಗ. ಅದರ ಅಳತೆ ಮುಗಿದರೆ ಬಾಯಿಗೆ ಗೋಡೆ ಕಟ್ಟಿಸಿ ಮಸ್ಕತ್ತಿಗೆ ಮರಳುವುದು. ನಾನು ಎರಡು ಸಲ ಗುಂಡಿ ಒತ್ತಿದೆ, ಎರಡು ಸಲ ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದೆ, ಬಂತು. ಜನರೇಟರ್ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

ಆಗ ವೈರ್‌ಲೆಸ್ ಗರಗರ ಅಂದಿತು. "...ಖಲಾಸ್! ...ಖಲಾಸ್!"

ಎರಡು ಸಲ, ಗಿಡ್ಡವಾಗಿ, ನಡುವೆ ಗುಂಡಿ ಬಿಟ್ಟು ಮತ್ತೆ ಒತ್ತಿದ ಸದ್ದು. ಅಷ್ಟಕ್ಕೇ ನಿಂತಿತು.

ಹನುಮೇಶ ನನ್ನ ಪಕ್ಕದಲ್ಲೇ ನೀರು ಕುಡಿಯುತ್ತಿದ್ದ. "ಆತು ನೋಡ್ರಿ ಅಕ್ಕಾರ, ಇವತ್ತ ಲಗೂನ ಮುಗೀತು" ಎಂದು ಎದ್ದು ಹೋಗಿ ಜನರೇಟರ್ ಆರಿಸಿದ. ಗುಡ್ಡವೆಲ್ಲ ಒಮ್ಮೆಲೇ ಮೌನವಾಯಿತು. ನನ್ನ ಕಾಲ ಬಳಿ ಉಬ್ಬಿದ್ದ ಹಳದಿ ಕೊಳವೆ ಉಸ್ ಎಂದು ಸಡಿಲವಾಗುತ್ತಾ ಬಂತು.

ನಾನು ಬುತ್ತಿಯ ಗಂಟಿಗೆ ಕೈ ಹಾಕಿದ್ದೆ. ಕೈ ಅಲ್ಲೇ ನಿಂತಿತು. ಖಾನಾ ಎಲ್ಲಿ? ಸಾಲಿಮ್ ಖಾನಾ ಅನ್ನಲಿಲ್ಲ. ರಾಗವೂ ಇರಲಿಲ್ಲ. ಆ ವೈರ್‌ಲೆಸ್‌ನ ಒಂದು ದೋಷ ನಮಗೆಲ್ಲ ಗೊತ್ತಿತ್ತು. ಗುಂಡಿ ಒತ್ತಿ ಒಂದು ಕ್ಷಣ ತಾಳಿ ಮಾತಾಡಬೇಕು. ಅವಸರದಲ್ಲಿ ಮಾತಾಡಿದರೆ ಮೊದಲ ಪದ ಉಳಿದುಹೋಗುತ್ತದೆ. ಸಾಲಿಮ್ ಅವಸರದಲ್ಲಿದ್ದ. ಖಲಾಸ್‌ಗೆ ಮುಂಚೆ ಒಂದು ಪದ ಇತ್ತು. ನಮಗೆ ಅದು ತಲುಪಿರಲಿಲ್ಲ.

ನನಗೆ ನಾನು ಆರಿಸಿದ ಒಲೆ ನೆನಪಾಯಿತು.

"ಹನುಮೇಶ, ಚಾಲೂ ಮಾಡು."

ನನ್ನ ದನಿ ಅವನಿಗೆ ಕೇಳಿಸಲೇ ಇಲ್ಲ. ಅವನು ಕೇಬಲ್ ಸುತ್ತಲು ಶುರು ಮಾಡಿದ್ದ. ಹತ್ತಿರ ಹೋಗಿ ಮತ್ತೆ ಹೇಳಿದೆ.

"ಯಾಕ್ರಿ? ಅವ್ರೇ ಖಲಾಸ್ ಅಂದ್ರಲ್ಲ. ಬರಾಕತ್ತಿರ್ತಾರ. ಸುಮ್ನ ಡೀಸೆಲ್ ಸುಟ್ರ ಲಾರೆನ್ಸ್ ಸರ್ ನನ್ನ ಸುಡ್ತಾರ."

ನಾನು ಪಾಟಿ ಎತ್ತಿ ಅವನ ಮುಖಕ್ಕೆ ಹಿಡಿದೆ. "ಮೂರೂ ಹೆಸರು ಹಂಗ ಅದಾವು."

"ಬಂದು ಒರಸ್ತಾರ ತಡೀರಿ..."

ಎರಡು ಸಲ ಗುಂಡಿ ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ. ಇಲ್ಲ. ಸಾಲಿಮ್ ತಿರುವಿನಲ್ಲಿ ಇದ್ದಿದ್ದರೆ ಉತ್ತರ ಬರಬೇಕು. ಇಲ್ಲ ಅಂದರೆ ಅವನು ತಿರುವು ಬಿಟ್ಟಿದ್ದಾನೆ. ಹೊರಕ್ಕೆ ಬರುತ್ತಿದ್ದರೆ ನೇರ ಸುರಂಗದಲ್ಲಿ ಇನ್ನೂ ಚೆನ್ನಾಗಿ ಕೇಳಬೇಕು. ಹಾಗಾದರೆ ಅವನು ಹೋಗಿದ್ದು ಒಳಕ್ಕೆ.

ಆಗ ನಾನು ವೈರ್‌ಲೆಸ್ ಬಾಯಿಗೆ ಹಿಡಿದು ಮೊದಲ ಸಲ ಮಾತಾಡಿದೆ. "ಏನು ಖಲಾಸ್? ಸಾಲಿಮ್, ಏನು ಖಲಾಸ್? ಕ್ಯಾ ಖಲಾಸ್?"

ಗರಗರ ಸದ್ದು ಮಾತ್ರ.

ಹನುಮೇಶನ ಮುಖ ಬಿಳುಪೇರಿತು. ಕೇಬಲ್ ಕೈಬಿಟ್ಟು ಬಾಯಿಯ ಕಡೆಗೆ ಓಡಿದ. "ನಾ ಹೋಗಿ ನೋಡ್ತೀನಿ, ಅಕ್ಕಾರ!" ಅವನ ಎದೆಯ ಮೇಲೆ ಮೀಟರ್ ಕೂಡ ಇರಲಿಲ್ಲ. ನಾನು ಅಡ್ಡ ನಿಂತೆ. ಪರ ಗಂಡಸಿನ ತೋಳು ಹಿಡಿದವಳಲ್ಲ ನಾನು. ಆ ದಿನ ಎರಡೂ ಕೈಯಿಂದ ಹಿಡಿದೆ.

"ಬಿಡ್ರಿ ನನ್ನ! ನಾನ ಬಂದ್ ಮಾಡೇನಿ, ನಾನ ಹೋಗ್ತೀನಿ!"

"ಗಾಳಿ ಇಲ್ಲದಲ್ಲಿ ಹೋಗಿ ಏನ್ ಮಾಡ್ತಿ? ಮೂರರ ಕೆಳಗ ನಿನ್ನ ಹೆಸರೂ ಬರೀಲೇನು? ಆಮ್ಯಾಲ ಆ ಮಷೀನ್ ಚಾಲೂ ಮಾಡಾಕ ನನಗ ಬರ್ತದೇನು? ಹೋಗು, ಮೊದ್ಲು ಅದನ್ನ ಹಚ್ಚು!"

ಇಂಥ ಗಣಿಗಳಲ್ಲಿ ಒಬ್ಬ ಬಿದ್ದರೆ ಅವನನ್ನು ತರಲು ಹೋದ ಎರಡನೆಯವನು, ಅವನ ಹಿಂದೆ ಮೂರನೆಯವನು ಹೋಗುತ್ತಾರೆ ಎಂದು ಅಜ್ಜ ಎಷ್ಟೋ ಸಲ ಹೇಳಿದ್ದರು. ಅನಘಾ, ಇದನ್ನು ನಿನ್ನ ಪುಸ್ತಕಗಳಲ್ಲೂ ಬರೆದಿರುತ್ತಾರೆ. ಓದುವುದು ಸುಲಭ. ಒಳಗೆ ನಿನ್ನವರೇ ಇದ್ದಾಗ ಕಾಲು ಆ ಮಾತು ಕೇಳುವುದಿಲ್ಲ.

ಬಿಸಿಯಾಗಿದ್ದ ಜನರೇಟರ್ ಹಿಡಿಯಲೊಲ್ಲದು. ಹನುಮೇಶ ಒಮ್ಮೆ ತಿರುಗಿಸಿದ, ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದ, ಅದೇ. ಅವನು ಅಳುತ್ತಾ ಅದನ್ನು ಬೈಯುತ್ತಿದ್ದ. ನಾನು ಬಾಯಲ್ಲಿ ನಿಂತು ಕತ್ತಲೆಗೆ ಕಿವಿ ಕೊಟ್ಟೆ. ಎಲ್ಲೋ ದೂರದಲ್ಲಿ, ಬಹಳ ಸಣ್ಣಗೆ, ಮೀಟರ್ ಕಿರುಚುವ ಸದ್ದು ಕೇಳಿದ ಹಾಗಾಯಿತು. ಒಂದೋ ಎರಡೋ ಗೊತ್ತಾಗಲಿಲ್ಲ.

ಕೊನೆಗೆ ಜನರೇಟರ್ ಹಿಡಿಯಿತು. ಬ್ಲೋವರ್ ತಿರುಗಿತು. ಹಳದಿ ಕೊಳವೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಾ ಕತ್ತಲಿನೊಳಗೆ ಹೋಯಿತು.

ಹನುಮೇಶನನ್ನು ಗುಡ್ಡದ ನೆತ್ತಿಗೆ ಓಡಿಸಿದೆ. ಫೋನಿಗೆ ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತಿತ್ತು. ಆಂಬುಲೆನ್ಸಿಗೂ ಪೊಲೀಸರಿಗೂ ಹೇಳಬೇಕಿತ್ತು. ಅವನು ಹೋದ ಮೇಲೆ ಬಾಯಲ್ಲಿ ಉಳಿದವಳು ನಾನೊಬ್ಬಳೇ. ಬ್ಲೋವರ್ ಸದ್ದಿನಲ್ಲಿ ಒಳಗಿನ ಯಾವ ಸದ್ದೂ ಕೇಳುತ್ತಿರಲಿಲ್ಲ. ಮೀಟರಿನ ಕೂಗು ನಿಂತಿತೋ ಮುಳುಗಿತೋ ಗೊತ್ತಿಲ್ಲ. ಕೊಳವೆಯ ಮೇಲೆ ಅಂಗೈ ಇಟ್ಟು, ಅದು ಉಬ್ಬಿಯೇ ಇದೆ ಎಂದು ನೋಡಿಕೊಳ್ಳುತ್ತಾ ನಿಂತೆ. ನನ್ನ ಕಾಲು ಎರಡು ಸಲ ಬಾಯಿಯ ಗೆರೆ ದಾಟಿತು. ಎರಡು ಸಲವೂ ಪಾಟಿ ನೋಡಿಕೊಂಡು ಹಿಂದೆ ಬಂದೆ. ನಾನು ಹೋದರೆ ಆ ಹೆಸರುಗಳನ್ನು ಕಾಯುವವರಿಲ್ಲ.

ಆಮೇಲೆ ಏನನ್ನಿಸಿತೋ, ವೈರ್‌ಲೆಸ್ ಎತ್ತಿಕೊಂಡೆ. ಗುಂಡಿ ಒತ್ತಿ, ಒಂದು ಕ್ಷಣ ತಾಳಿ, ಕೂಗಿದೆ.

"ಶರಣಪ್ಪ! ಶರಣಪ್ಪ! ಶರಣಪ್ಪ!"

ನನ್ನ ದನಿಯೇ ನನಗೆ ಬೇರೆ ಯಾರದೋ ಅನ್ನಿಸಿತು. ನಿಲ್ಲಿಸಲಿಲ್ಲ. ಲಾರೆನ್ಸ್ ಸರ್ ಹೆಸರು, ಸಾಲಿಮ್ ಹೆಸರು, ಮತ್ತೆ ಅವರ ಹೆಸರು. ಗಂಟಲು ಒಡೆಯುವವರೆಗೆ ಕೂಗಿದೆ.

ವೈರ್‌ಲೆಸ್ ಟಿಕ್ ಅಂದಿತು. ಮತ್ತೆ ಟಿಕ್.

ಎರಡು ಸಲ.

ಕತ್ತಲಲ್ಲಿ ಒಂದು ದೀಪ ಕಾಣಿಸಿತು. ನೆಲಕ್ಕೆ ಹತ್ತಿರದಲ್ಲಿ ಅಲುಗಾಡುತ್ತಿತ್ತು. ಆಮೇಲೆ ಇನ್ನೊಂದು. ಸಾಲಿಮ್ ಮತ್ತು ಅಜ್ಜ ಮೊಣಕಾಲ ಮೇಲೆ ತೆವಳುತ್ತಾ ಲಾರೆನ್ಸ್ ಸರ್ ಅವರನ್ನು ಎಳೆದುಕೊಂಡು ಬರುತ್ತಿದ್ದರು. ಸರ್ ಮುಖ ಬೂದಿ ಬಣ್ಣವಾಗಿತ್ತು, ಎಚ್ಚರವಿರಲಿಲ್ಲ. ಉಸಿರಿತ್ತು.

ಒಳಗೆ ನಡೆದದ್ದು ಹೀಗೆ. ತಿರುವಿನ ಆಚೆ ಛಾವಣಿಯ ಒಂದು ಪದರ ಕುಸಿದು ಕೊಳವೆಯನ್ನು ಹರಿದಿತ್ತು. ತುದಿಗೆ ಗಾಳಿ ನಿಂತಿತು. ಅಜ್ಜ ಕೂಗಿದರು. ಸಾಲಿಮ್ ನಮಗೆ ಹೇಳಿದ್ದು "ಹವಾ ಖಲಾಸ್". ಗಾಳಿ ಇಲ್ಲ, ನೋಡಿ, ಅಂತ. ಹವಾ ಎಂಬ ಪದ ಬಂಡೆಯಲ್ಲೇ ಉಳಿಯಿತು. ನಾವು ಕೆಲಸ ಖಲಾಸ್ ಅಂತ ತಿಳಿದು, ಹರಿದ ಜಾಗದವರೆಗಾದರೂ ಬರುತ್ತಿದ್ದ ಗಾಳಿಯನ್ನೂ ನಿಲ್ಲಿಸಿದೆವು. ಅವರನ್ನು ಕರೆತರಲು ಸಾಲಿಮ್ ಒಳಕ್ಕೆ ಹೋದ. ಧೂಳಿನಲ್ಲಿ ದೀಪದ ಬೆಳಕು ಮೊಳ ದೂರವೂ ಹೋಗುತ್ತಿರಲಿಲ್ಲ. ಕೊಳವೆ ನೆಲಕ್ಕೆ ಅಂಟಿ ಕಲ್ಲಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಮೂವರಿಗೂ ದಿಕ್ಕು ತಪ್ಪಿತು. ಲಾರೆನ್ಸ್ ಸರ್ ಸುಮ್ಮನೆ ನಗಲು ಶುರು ಮಾಡಿ ಕೂತುಬಿಟ್ಟರಂತೆ. ಆಗ ಅಜ್ಜನ ಮೊಣಕಾಲ ಹತ್ತಿರ ಕಲ್ಲಿನ ಪುಡಿಯನ್ನು ಕೊಡವಿಕೊಂಡು ಏನೋ ಎದ್ದಿತಂತೆ. ಕೊಳವೆ ಮತ್ತೆ ಉಬ್ಬಿತ್ತು. ಹರಿದ ಬಾಯಿಗೆ ಮುಖವಿಟ್ಟು ಉಸಿರಾಡಿ, ಸರ್ ಮುಖವನ್ನೂ ಅಲ್ಲಿಗೆ ಹಿಡಿದು, ಆಮೇಲೆ ಅದನ್ನೇ ತಡವಿಕೊಂಡು ತಿರುವಿಗೆ ಬಂದರು.

ಹೊರಗೆ ಬಂದ ಅಜ್ಜನ ಅಂಗೈ ಕಿತ್ತು ರಕ್ತ ಸೋರುತ್ತಿತ್ತು. ಪಾಟಿಗಾಗಿ ಕೈ ಚಾಚಿದರು. ತಮ್ಮ ಹೆಸರನ್ನು ಒರೆಸಿದರು. ಅಲ್ಲಿಂದ ಚೌಕಟ್ಟಿನ ಮೂಲೆಯ ತನಕ ಕೆಂಪು ಪಟ್ಟೆ ಉಳಿಯಿತು. ಸಾಲಿಮ್ ಹೆಬ್ಬೆರಳಿನಿಂದ ತನ್ನದನ್ನು ಒರೆಸಿ, ಬೆನ್ನು ಗೋಡೆಗೆ ಒರಗಿಸಿ ಕೂತ. ಆಂಬುಲೆನ್ಸ್ ಬಂದು ಲಾರೆನ್ಸ್ ಸರ್ ಅವರನ್ನು ಸೊಹಾರ್ ಆಸ್ಪತ್ರೆಗೆ ಕೊಂಡೊಯ್ಯಿತು. ಅವರ ಇಂಗ್ಲಿಷ್ ಹೆಸರು ಪಾಟಿಯಲ್ಲಿ ಹಾಗೆಯೇ ಇತ್ತು.

ನಾನು ಅದನ್ನು ಒರೆಸಲಿಲ್ಲ. ಕ್ಯಾಂಪು ಎತ್ತುವಾಗ ಹನುಮೇಶ, "ಒರಸಿ ಚೀಲದಾಗ ಹಾಕ್ರಿ ಅಕ್ಕಾರ" ಅಂದ. ಆಗುವುದಿಲ್ಲ ಅಂದೆ. ಬಟ್ಟೆಯಲ್ಲಿ ಸುತ್ತಿ, ಅಕ್ಷರ ಅಳಿಯದ ಹಾಗೆ ಮಡಿಲಲ್ಲಿಟ್ಟುಕೊಂಡು ಅಮೇರಾತ್‌ಗೆ ತಂದೆ. ಆ ದಿನಗಳಲ್ಲಿ ಅನಘಾ, ನೀನು ಬರೆಯಲು ಪಾಟಿ ಕೇಳಿ ನನ್ನ ಹತ್ತಿರ ಜಗಳವಾಡಿದೆ. ಯಾಕೆ ಕೊಡಲಿಲ್ಲ ಅಂತ ಈಗ ಗೊತ್ತಾಯಿತೇ?

ಒಂದು ಶುಕ್ರವಾರ ಲಾರೆನ್ಸ್ ಸರ್ ನಮ್ಮ ಮನೆಗೆ ಬಂದರು. ಸೊರಗಿದ್ದರು, ಕೋಲು ಹಿಡಿದಿದ್ದರು. ಹನುಮೇಶ, ಸಾಲಿಮ್ ಇಬ್ಬರೂ ಜೊತೆಗಿದ್ದರು. ಹನುಮೇಶ ಬಾಗಿಲಲ್ಲೇ ನಿಂತಿದ್ದ. ತನ್ನನ್ನು ಊರಿಗೆ ಕಳಿಸಿಬಿಡುತ್ತಾರೆ ಎಂಬ ಭಯ ಅವನಿಗೆ.

"ಒಳಗೆ ಬಾ ಮಾರಾಯ" ಎಂದರು ಸರ್. "ಆಫ್ ಮಾಡಿದ್ದು ನಿನ್ನ ಕೈ. ಮಾಡಿಸಿದ್ದು ನಮ್ಮ ಡೀಸೆಲ್ ಬೋರ್ಡು. ಅದನ್ನು ಅಂಟಿಸಿದ್ದು ನಾನು. ಆಫೀಸಿಗೆ ಹಾಗೇ ಹೇಳಿ ಬಂದಿದ್ದೇನೆ."

ನಾನು ಪಾಟಿ ತಂದು ಅವರ ಮುಂದಿಟ್ಟೆ. ಅವರು ಅದನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬೆರಳನ್ನು ನೀರಿನ ಲೋಟದಲ್ಲಿ ಅದ್ದಿ ಒಂದೊಂದೇ ಅಕ್ಷರ ಒರೆಸಿದರು.

"ಈಗ ನಾನು ಹೊರಗೆ ಬಂದೆ, ಗಂಗಕ್ಕ" ಅಂದರು.

ಆಮೇಲಿನ ಕೆಲಸಗಳಲ್ಲಿ ಅವರು ಒಂದು ನಿಯಮ ತಂದರು. ವೈರ್‌ಲೆಸ್‌ನಲ್ಲಿ ಬರೀ ಖಲಾಸ್ ಅನ್ನುವಂತಿಲ್ಲ. ಯಾರಾದರೂ ಅಂದರೆ ಕೇಳಿದವರು "ಏನು ಖಲಾಸ್?" ಎಂದು ಕೇಳಲೇಬೇಕು, ಉತ್ತರ ಬರುವ ತನಕ ಏನನ್ನೂ ಆರಿಸಬಾರದು, ಪಾಟಿ ಖಾಲಿಯಾಗದೆ ಬ್ಲೋವರ್ ನಿಲ್ಲಿಸಬಾರದು. ಸಾಲಿಮ್ ಎದೆ ಮುಟ್ಟಿಕೊಂಡು, "ಖಲಾಸ್ ಸರ್, ಅಬ್ ಖಲಾಸ್ ನಹೀಂ ಬೋಲೇಗಾ!" ಎಂದು, ಇನ್ನು ಖಲಾಸ್ ಅನ್ನುವುದಿಲ್ಲ ಅಂತ ತನ್ನ ಹಿಂದಿಯಲ್ಲಿ ಮಾತು ಕೊಟ್ಟ. ಎಲ್ಲರೂ ಒಟ್ಟಿಗೆ "ಏನು ಖಲಾಸ್?" ಎಂದು ಕೂಗಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜ ತಟ್ಟೆ ನೋಡುತ್ತಾ, "ಸಾಲಿಮ್ ಹೇಳಿದ. ತಿರುವಿಗೆ ಬಂದಾಗ ವೈರ್‌ಲೆಸ್‌ನ್ಯಾಗ ಯಾರೋ ಹೆಣ್ಮಗಳು ನನ್ನ ಹೆಸರ ಹಿಡದು ಒದರಾಕತ್ತಿದ್ಲಂತ" ಎಂದರು.

"ಯಾರೋ ಏನೋ" ಅಂದೆ.

"ದನಿ ಚೊಲೊ ಇತ್ತಂತ."

ಮತ್ತೆ ಆ ಮಾತು ಬರಲಿಲ್ಲ. ಅವರು ಕಣ್ಣು ಮುಚ್ಚಿದ್ದು ವರ್ಷಗಳ ನಂತರ, ಮನೆಯ ಹಾಸಿಗೆಯಲ್ಲಿ, ಕಿಟಕಿ ತೆರೆದಿತ್ತು, ಗಾಳಿ ಬರುತ್ತಿತ್ತು. ಅಷ್ಟು ಸಾಕು ಎಂದುಕೊಂಡಿದ್ದೇನೆ.

ಅನಘಾ, ಆ ಪಾಟಿಯನ್ನು ನಿಮ್ಮಮ್ಮನ ಕೈಯಲ್ಲಿ ನಿನಗೆ ಕಳಿಸುತ್ತಿದ್ದೇನೆ. ನಿನ್ನ ಕಂಪನಿಯಲ್ಲಿ ಕಂಪ್ಯೂಟರಿನ ಕಾರ್ಡು ಇರುತ್ತದೆ, ಗೊತ್ತು. ಅದನ್ನೂ ಇಟ್ಟುಕೋ. ಆದರೂ ಬಾಯಲ್ಲಿ ಒಬ್ಬರನ್ನು ಕೂರಿಸದೆ ಒಳಗೆ ಹೋಗಬೇಡ. ಬಾಯಲ್ಲಿ ಕೂತವಳು ನೀನೇ ಆದರೆ ನಾಚಿಕೊಳ್ಳದೆ ಹೆಸರು ಹಿಡಿದು ಕೂಗು. ಪ್ರಣವ್, ನೀನು ಹೋದ ತೂತಿನ ಹೊರಗೆ ಯಾರು ಕೂತಿದ್ದರು? ಅದಕ್ಕೆ ಉತ್ತರ ಬರೆದು ಕಳಿಸು. ಕನ್ನಡ ಬರದಿದ್ದರೆ ಇಂಗ್ಲಿಷಿನಲ್ಲೇ ಬರಿ, ಅಮ್ಮ ಓದಿ ಹೇಳುತ್ತಾಳೆ.

ಈ ಹಾಳೆಗಳನ್ನು ಫೋಟೋ ತೆಗೆದು ಫೋನಿನಲ್ಲಿ ಹಾಕಿಕೊಂಡು ಮೂಲವನ್ನು ಬಿಸಾಡಬೇಡಿ. ತಿರುವು ದಾಟಿದರೆ ಫೋನು ನಡೆಯುವುದಿಲ್ಲ. ಪಾಟಿಯ ಜೊತೆ ಒಂದೇ ಬಟ್ಟೆಯಲ್ಲಿ ಸುತ್ತಿ ಇಡಿ. ಚೌಕಟ್ಟಿನ ಮೂಲೆಯಲ್ಲಿ ಒಂದು ಕಂದು ಕಲೆ ಇದೆ, ತೊಳೆದರೂ ಹೋಗಿಲ್ಲ. ಅದು ನಿಮ್ಮ ಅಜ್ಜ ಹೊರಗೆ ಬಂದ ದಿನದ್ದು. ಅದನ್ನು ಯಾರೂ ಒರೆಸಬೇಡಿ.